ನಾಲ್ಕು ಚಕ್ರ, ನಾಲ್ಕು ಸುಣ್ಣದ ಗೆರೆ

ದೇವದುರ್ಗ ಸೀಮೆಯ ಗೂಗಲ್ ಎಂಬ ಊರಿನಲ್ಲಿ ಬೆಳಗಿನ ಆರು ಗಂಟೆ. ಹೊಳೆಯ ಕಡೆಯಿಂದ ಜನವರಿಯ ತಣ್ಣನೆಯ ಗಾಳಿ ಬೀಸುತ್ತಿದೆ. ಅಲ್ಲಮಪ್ರಭು ಗುಡಿಯ ಹತ್ತಿರದ ಬಯಲಿನಲ್ಲಿ ಒಂದು ಬಿಳಿ ಎಲೆಕ್ಟ್ರಿಕ್ ಕಾರು ನಿಂತಿದೆ, ಅದರ ಸುತ್ತ ಅರ್ಧ ಊರೇ ನಿಂತಿದೆ. ಕಾರಿನ ಮುಂದೆ ಒಂದು ಟ್ರ್ಯಾಕ್ಟರ್. ಟ್ರ್ಯಾಕ್ಟರಿನಿಂದ ಕಾರಿಗೆ ತೋಳು ದಪ್ಪದ ಹಗ್ಗ. ಹಗ್ಗ ಇನ್ನೇನು ಬಿಗಿಯಬೇಕು, ಅಷ್ಟರಲ್ಲಿ ದೂಳೆಬ್ಬಿಸುತ್ತ ಬಂದ ಲಾರಿಯೊಂದು ಗಕ್ಕನೆ ನಿಲ್ಲುತ್ತದೆ. ಅದರಿಂದ ಜಿಗಿದು ಇಳಿದ ಮನುಷ್ಯ ಎರಡೂ ಕೈ ಮೇಲೆತ್ತಿ ಓಡಿ ಬರುತ್ತಾರೆ.

"ಎಳಿಬ್ಯಾಡ್ರೋ ಯಪ್ಪಾ! ನಿಂದ್ರಸ್ರಿ! ಗಾಲಿ ಉರುಳಿದ್ರ ಮೋಟಾರ್ ಸುಡ್ತದ!"

ಇವರು ದುರುಗೇಶ. ವಯಸ್ಸು ನಲವತ್ತಾರು. ಕೆಟ್ಟು ನಿಂತ ಕಾರುಗಳನ್ನು ಎತ್ತಿಕೊಂಡು ಹೋಗಿ ರಿಪೇರಿಯ ಜಾಗಕ್ಕೆ ಮುಟ್ಟಿಸುವುದು ಇವರ ಕಸುಬು. ರಾಯಚೂರಿನಲ್ಲಿ ನಸುಕಿಗೇ ಫೋನ್ ಎತ್ತಿ, ಚಹಾ ಸಹ ಕುಡಿಯದೆ ಇಲ್ಲಿಗೆ ಬಂದಿದ್ದಾರೆ. ಬಂದವರಿಗೆ ಸಿಗುವ ಸ್ವಾಗತ ನೋಡಿ. ಟ್ರ್ಯಾಕ್ಟರಿನ ಮೇಲೆ ಕೂತ ಮಲ್ಲೇಶ, "ಯಾಕಪಾ, ನಾವು ಎಳದ್ರ ನಿನ್ನ ಬಾಡಿಗಿ ಹೋಗ್ತದಂತ ಹೊಟ್ಟಿ ಉರಿಯಾಕತ್ತದೇನು?" ಎನ್ನುತ್ತಾನೆ. ನಾಲ್ಕು ಜನ ನಗುತ್ತಾರೆ. ಕಾರಿನ ಯಜಮಾನ, ಮಾನ್ವಿಯ ಅಕ್ಕಿ ಗಿರಣಿಯ ಶಂಭುಲಿಂಗಪ್ಪ, ಹೊಳೆಯ ಕಡೆ ಮುಖ ತಿರುಗಿಸಿಕೊಂಡು ನಿಂತಿದ್ದಾರೆ.

ಆಗ ಗುಡಿಯ ಮೆಟ್ಟಿಲ ಮೇಲಿಂದ ಒಂದು ಧ್ವನಿ ಬರುತ್ತದೆ. ಅದು ಶಂಭುಲಿಂಗಪ್ಪನವರ ಹೆಂಡತಿ ಬಸವಂತಮ್ಮನವರದು.

"ಹಗ್ಗ ಬಿಚ್ರಿ ಮೊದಲ! ಹ್ವಾದ ಸಲ ಮಾನ್ವ್ಯಾಗ ನಮ್ಮ ಟ್ರ್ಯಾಕ್ಟರಿಗೇ ಕಟ್ಟಿ ಹಿಂಗ ಎಳದು ಮೋಟಾರ್ ಸುಟ್ಟೀವಿ. ಮತ್ತ ಸುಡಬೇಕೇನು?"

"ಏ, ಸುಮ್ಮನಿರು ನೀ," ಎಂದು ಶಂಭುಲಿಂಗಪ್ಪ ಗದರುವಷ್ಟರಲ್ಲಿ ಮಾತು ಬಾಯಿ ಬಿಟ್ಟು ಹೋಗಿದೆ, ಅರ್ಧ ಊರು ಕೇಳಿದೆ. ದುರುಗೇಶ ಅಲ್ಲಿಯೇ ನಿಂತುಬಿಡುತ್ತಾರೆ. ಎಂಟು ತಿಂಗಳಿಂದ ಅವರು ಕೇಳಬೇಕೆಂದಿದ್ದ ಮಾತು ಇದೇ.

ಆ ಎಂಟು ತಿಂಗಳ ಕತೆ ಹೇಳುವ ಮೊದಲು ಹಗ್ಗದ ಕತೆ ಹೇಳಬೇಕು. ಕೆಟ್ಟು ನಿಂತ ಗಾಡಿಯನ್ನು ಕಂಡೂ ಹಗ್ಗ ಹಾಕದೆ ಮುಂದೆ ಹೋಗುವವನನ್ನು ದೇವದುರ್ಗ, ಮಾನ್ವಿ ಸೀಮೆಯಲ್ಲಿ ಯಾರೂ ಮನುಷ್ಯನೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಜಾತಿ ಕೇಳುವುದಿಲ್ಲ, ಊರು ಕೇಳುವುದಿಲ್ಲ, ಟ್ರ್ಯಾಕ್ಟರ್ ನಿಲ್ಲಿಸಿ ಕಟ್ಟುತ್ತಾರೆ, ಎಳೆಯುತ್ತಾರೆ, ಊರು ಮುಟ್ಟಿಸುತ್ತಾರೆ. ಒಂದು ಕಪ್ ಚಹಾ ಕುಡಿಸಿದರೆ ಅದೇ ಹೆಚ್ಚು. ಒಳ್ಳೆಯ ಪದ್ಧತಿ, ನೂರಕ್ಕೆ ನೂರು ಒಳ್ಳೆಯದು. ಆದರೆ ಎಲೆಕ್ಟ್ರಿಕ್ ಕಾರಿಗೆ ಈ ಒಳ್ಳೆಯತನವೇ ವಿಷ. ಪೆಟ್ರೋಲ್ ಕಾರಿನಲ್ಲಿ ಗೇರ್ ಬಿಡಿಸಿದರೆ ಚಕ್ರ ಒಂದು ಕಡೆ, ಇಂಜಿನ್ ಒಂದು ಕಡೆ. ಇದರಲ್ಲಿ ಹಾಗಲ್ಲ, ಚಕ್ರಕ್ಕೂ ಮೋಟಾರಿಗೂ ನಂಟು ಬಿಡುವುದೇ ಇಲ್ಲ. ಕಾರು ಸತ್ತು ಮಲಗಿದ್ದರೂ ಚಕ್ರ ಉರುಳಿದರೆ ಮೋಟಾರು ತಿರುಗುತ್ತದೆ, ತಿರುಗಿದರೆ ಕರೆಂಟು ಹುಟ್ಟುತ್ತದೆ, ಆ ಕರೆಂಟು ಹೋಗಲು ದಾರಿ ಕಾಣದೆ ಒಳಗಿನ ಭಾಗಗಳನ್ನೇ ಸುಡುತ್ತದೆ. ಹಾಗಾಗಿ ಇದನ್ನು ಎಳೆಯಬಾರದು, ಎತ್ತಬೇಕು.

ಎತ್ತುವ ವಿದ್ಯೆಯನ್ನು ದುರುಗೇಶ ಕಲಿತದ್ದು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ. ಹುಟ್ಟೂರು ಅರಕೇರಾದಲ್ಲಿ ಏಳನೆಯ ತರಗತಿಗೆ ಶಾಲೆ ಬಿಟ್ಟು, ಹತ್ತೊಂಬತ್ತರ ಪ್ರಾಯದಲ್ಲಿ ಗುತ್ತಿಗೆ ಕೂಲಿಯಾಗಿ ಹೋದವರು ಅಲ್ಲಿ ಹದಿಮೂರು ವರ್ಷ ಕ್ರೇನಿಗೆ ಸರಪಳಿ ಕಟ್ಟುವ ಕೆಲಸ ಮಾಡಿದ್ದಾರೆ. ಟನ್ನುಗಟ್ಟಲೆ ಕಬ್ಬಿಣವನ್ನು ಗೋಡೆಗೆ ತಾಗದಂತೆ ಮೇಲೇರಿಸಬೇಕು. "ಅಲ್ಲಿ ನಮ್ಮ ಮೇಸ್ತ್ರಿ ಒಂದ ಮಾತು ಹೇಳ್ತಿದ್ದ್ರಿ. ಭಾರ ಎಲ್ಲಿ ಕುಂತದ ಅಂತ ಮೊದಲ ನೋಡು, ಆಮ್ಯಾಲ ಕೈ ಹಚ್ಚು ಅಂತಿದ್ದ. ಈಗೂ ನಾ ಹಂಗ ಮಾಡಾಕತ್ತೀನಿ," ಎನ್ನುತ್ತಾರೆ. ಗುತ್ತಿಗೆದಾರ ಬದಲಾದಾಗ ಹಳೆಯ ಕೂಲಿಗಳ ಜೊತೆ ಇವರೂ ಹೊರಗೆ ಬಿದ್ದರು. ಹಳೆಯ ಲಾರಿಯೊಂದನ್ನು ಕೊಂಡರು. ರಾಯಚೂರಿನ ವೆಲ್ಡಿಂಗ್ ಅಂಗಡಿಯ ಗೆಳೆಯ ವಲಿ ಪಾಷಾ ಅದರ ಬೆನ್ನಿಗೆ ಹಿಂದಕ್ಕೆ ಜಾರಿ ನೆಲಕ್ಕೆ ಬಾಗುವ ಕಬ್ಬಿಣದ ಹಾಸನ್ನು ಕೂರಿಸಿಕೊಟ್ಟರು. ದೇವದುರ್ಗದ ಹುಡುಗರು ಅದನ್ನು ಜಾರುಬಂಡಿ ಲಾರಿ ಎಂದೇ ಕರೆಯುತ್ತಾರೆ.

ಎಲೆಕ್ಟ್ರಿಕ್ ಕಾರುಗಳು ಈ ಕಡೆ ಬರತೊಡಗಿದಾಗ, ಅವನ್ನು ಹೇಗೆ ಸಾಗಿಸಬೇಕೆಂದು ದುರುಗೇಶರಿಗೆ ಯಾವ ಕಂಪನಿಯೂ ಹೇಳಿಕೊಡಲಿಲ್ಲ. ಇವರೇ ಒಂದು ಕಾರಿನ ಪುಸ್ತಕ ಬೇಡಿ ತಂದರು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಓದುತ್ತಿರುವ ಮಗಳು ಸ್ವಪ್ನಾ ಮೂರು ಸಂಜೆ ಕೂತು, ಇಂಗ್ಲಿಷ್ ಪುಟಗಳನ್ನು ಓದಿ ಕನ್ನಡದಲ್ಲಿ ಅಪ್ಪನಿಗೆ ತಿಳಿಸಿದಳು. ಚಕ್ರ ನೆಲಕ್ಕೆ ತಾಗಿದ ಚಿತ್ರದ ಮೇಲೆ ಕೆಂಪು ಅಡ್ಡಗೆರೆ ಹಾಕಿದ ಪುಟವೊಂದಿತ್ತು. ಅದರ ನಕಲು ತೆಗೆಸಿ, ಪ್ಲಾಸ್ಟಿಕ್ ಹೊದಿಸಿ, ಕ್ಯಾಬಿನ್ನಿನಲ್ಲಿ ದೇವಿ ದುರುಗಮ್ಮನ ಫೋಟೊದ ಪಕ್ಕದಲ್ಲೇ ಅಂಟಿಸಿಕೊಂಡಿದ್ದಾರೆ. ಅಂದಿನಿಂದ ಇಂದಿನವರೆಗೆ ಎಲೆಕ್ಟ್ರಿಕ್ ಕಾರುಗಳೇ ಅರವತ್ತರ ಮೇಲೆ ಸಾಗಿಸಿದ್ದಾರೆ. ಒಂದರ ಚಕ್ರವನ್ನೂ ನೆಲದ ಮೇಲೆ ಉರುಳಿಸಿಲ್ಲ.

ಇಂಥ ಮನುಷ್ಯನ ಹೆಸರಿನ ಮುಂದೆ ಏನು ಬರೆದರು ಗೊತ್ತೆ?

ಕಳೆದ ಮೇ ತಿಂಗಳು. ರಾಯಚೂರಿನ ಉರಿಬಿಸಿಲು. ರಸ್ತೆಯಲ್ಲಿ ಕೆಟ್ಟ ಕಾರುಗಳಿಗೆ ನೆರವು ಕಳಿಸುವ ಕಂಪನಿಯೊಂದರ ಪಟ್ಟಿಯಲ್ಲಿ ಆಗ ದುರುಗೇಶರ ನಂಬರು ಇತ್ತು. ತಿಂಗಳಿಗೆ ಇಪ್ಪತ್ತು, ಇಪ್ಪತ್ತೈದು ಕರೆ ಬರುತ್ತಿದ್ದವು. ಕರೆ ಮಾಡುವವರು ಎಲ್ಲೋ ದೂರದ ಊರಿನವರು, ಮಾನ್ವಿ ಯಾವುದು ಮಸ್ಕಿ ಯಾವುದು ಎಂಬುದೂ ಅವರಿಗೆ ತಿಳಿಯದು. ಅಂದು ಮಾನ್ವಿಗೆ ಹೋಗೆಂದರು. ದುರುಗೇಶ ಹೋದಾಗ ಇದೇ ಬಿಳಿ ಕಾರು ಶಂಭುಲಿಂಗಪ್ಪನವರ ಗಿರಣಿಯ ಅಂಗಳದಲ್ಲಿತ್ತು. ಅದರ ಮುಂದಿನ ಕೊಂಡಿಗೆ ಹಗ್ಗದ ನಾರು ಸಿಕ್ಕಿಕೊಂಡಿತ್ತು. ಸುಟ್ಟ ವಾಸನೆಯೂ ಬರುತ್ತಿತ್ತು.

"ಯಾರರೇ ಎಳದಾರೇನ್ರಿ ಸಾವ್ಕಾರ್ರ ಅಂತ ಕೇಳಿದ್ನಿ. ಇಲ್ಲಪಾ, ನಿಂತಲ್ಲೇ ನಿಂತದ ಅಂದ್ರು. ದೊಡ್ಡವ್ರು ಅಂದಮ್ಯಾಲ ಮುಗೀತು. ನಾರು ಕಣ್ಣಿಗೆ ಕಾಣಾಕತ್ತಿತ್ರಿ, ಆದ್ರ ಅವ್ರ ಅಂಗಳದಾಗ ನಿಂತು ಸುಳ್ಳು ಹೇಳಾಕತ್ತೀರಿ ಅಂತ ಹ್ಯಾಂಗ ಅನ್ಲಿ?"

ಸಾವ್ಕಾರರ ಮಾತಿಗೆ ಕಟ್ಟುಬಿದ್ದು ಕಾರನ್ನು ಎತ್ತಿ ಹೇರಿಕೊಂಡು ರಾಯಚೂರಿಗೆ ಮುಟ್ಟಿಸಿದರು. ವಾರದ ಮೇಲೆ ಸರ್ವಿಸ್ ಸೆಂಟರಿನ ವರದಿ ಬಂತು, ಇಂಗ್ಲಿಷಿನಲ್ಲಿ. ಸಂಜೆ ಮನೆಯಲ್ಲಿ ಸ್ವಪ್ನಾ ಅದನ್ನು ಓದಿದಳು. ಓದುತ್ತ ಓದುತ್ತ ಒಂದು ಸಾಲಿನ ಹತ್ತಿರ ನಿಂತಳು. ಏನವ್ವಾ ಎಂದು ಅಪ್ಪ ಕೇಳಿದರು. ಆಕೆ ಹೇಳಿದಳು: "ಅಪ್ಪಾ, ತಪ್ಪು ರೀತಿಯಿಂದ ಎಳೆದು ತಂದಿದ್ದಕ್ಕ ಮೋಟಾರ್ ಸುಟ್ಟದ, ಟೋಯಿಂಗ್ ಡ್ರೈವರೇ ಹೊಣೆ ಅಂತ ಬರದಾರ." ಯಾವ ಹುಡುಗಿ ಎಳೆಯಬಾರದು ಎಂಬ ಪಾಠವನ್ನು ಅಪ್ಪನಿಗೆ ಓದಿ ಹೇಳಿದ್ದಳೋ, ಅದೇ ಹುಡುಗಿಯ ಬಾಯಿಂದ ಎಳೆದವನು ನೀನೇ ಎಂಬ ಸಾಲನ್ನೂ ಓದಿಸಿದರು.

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ, ಇದು ಅದೇ. ಎಳೆದದ್ದು ಗಿರಣಿಯ ಟ್ರ್ಯಾಕ್ಟರ್, ಸಿಂಧನೂರು ರಸ್ತೆಯಿಂದ ಅಂಗಳದವರೆಗೆ ಮೂರು ಮೈಲಿ. ಹಾಗೆಂದು ಒಪ್ಪಿಕೊಂಡರೆ ರಿಪೇರಿಯ ಖರ್ಚು ಸಾವ್ಕಾರರ ತಲೆಗೆ ಬರುತ್ತಿತ್ತು, ಲಾರಿಯವನ ಮೇಲೆ ಹಾಕಿದರೆ ಪುಕ್ಕಟೆ ಆಗುತ್ತಿತ್ತು. ಪುಕ್ಕಟೆಯೇ ಆಯಿತು. ಕಂಪನಿ ದುರುಗೇಶರ ನಂಬರನ್ನು ಪಟ್ಟಿಯಿಂದ ಕಿತ್ತು ಹಾಕಿತು. ಕಳ್ಳನನ್ನು ಹಿಡಿದರೂ ಯಾಕೆ ಕದ್ದೆ ಎಂದು ಪೊಲೀಸರು ಒಂದು ಮಾತು ಕೇಳುತ್ತಾರೆ. ಇವರನ್ನು ಯಾರೂ ಏನೂ ಕೇಳಲಿಲ್ಲ.

"ಹತ್ತು ಸಲ ಫೋನ್ ಮಾಡೀನ್ರಿ. ಒಂದು ಒತ್ರಿ, ಎರಡು ಒತ್ರಿ ಅಂತದ. ಒತ್ತಿ ಒತ್ತಿ ಬೆಟ್ಟು ಸವದ್ವು. ಮನಷ್ಯಾರು ಸಿಗಂಗಿಲ್ಲ," ಎಂದು ದುರುಗೇಶ ನಗುತ್ತಾರೆ. ಕೇಳಿದವರಿಗೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ತಿಂಗಳಿಗೆ ಇಪ್ಪತ್ತೈದಿದ್ದ ಕರೆ ಈಗ ಐದಾರಕ್ಕೆ ಇಳಿದಿದೆ. ಕಂಪನಿಯವರು ಈಗ ನೂರೈವತ್ತು ಕಿಲೋಮೀಟರ್ ಆಚೆಯಿಂದ ಲಾರಿ ಕಳಿಸುತ್ತಾರೆ. ಕಾರು ಕೆಟ್ಟವರು ಅರ್ಧ ದಿನ ಬಿಸಿಲಲ್ಲಿ ಕಾಯುತ್ತಾರೆ, ಎದುರಿಗೇ ಇರುವ ದುರುಗೇಶರ ಲಾರಿ ಬೇವಿನ ನೆರಳಲ್ಲಿ ಸುಮ್ಮನೆ ನಿಂತಿರುತ್ತದೆ.

ಈ ಬೆಳಗ್ಗೆ ಆದದ್ದೂ ಅದೇ. ಅಮಾವಾಸ್ಯೆಗೆಂದು ಬಂದು ಗೂಗಲ್‌ನಲ್ಲಿ ತಂಗಿದ್ದ ದಂಪತಿಗಳು ನಸುಕಿನಲ್ಲಿ ಹೊರಟರೆ ಕಾರು ಮಿಸುಕಲಿಲ್ಲ. ಸಹಾಯವಾಣಿಯವರು ಏಳು ತಾಸು ಆಗುತ್ತದೆ ಎಂದರು. ಶಂಭುಲಿಂಗಪ್ಪನವರು ಟ್ರ್ಯಾಕ್ಟರ್ ಹುಡುಕಲು ಹೋದರು. ಬಸವಂತಮ್ಮನವರು ಕೈಚೀಲದಲ್ಲಿ ಉಳಿದಿದ್ದ, ದುರುಗೇಶ ಕಾರು ಹೇರಿದಾಗ ಕೊಟ್ಟಿದ್ದ ಮೇ ತಿಂಗಳ ಚೀಟಿಯನ್ನು ತೆಗೆದು, ಗಂಡನಿಗೆ ಹೇಳದೆ ಅದರ ಮೇಲಿದ್ದ ನಂಬರಿಗೆ ಫೋನ್ ಹಚ್ಚಿದರು. ಗಂಡ ಯಾರ ಹೆಸರನ್ನು ಕೆಡಿಸಿದ್ದರೋ ಅವರನ್ನೇ ಕರೆಯಬೇಕಾಗಿ ಬಂತು. ಫೋನಿನಲ್ಲಿ ಹೆಸರು ಕೇಳಿದ ಮೇಲೂ ದುರುಗೇಶ ಬರುವುದಿಲ್ಲ ಎನ್ನಲಿಲ್ಲ.

"ಬಾರಲಾರದ ಹ್ಯಾಂಗ ಇರಾದ್ರಿ? ಹೆಣ್ಮಗಳು ಹಾದಿಮ್ಯಾಗ ನಿಂತು ಕರದಾಳ."

ಹಗ್ಗ ಬಿಚ್ಚಿದ ಮೇಲೆ ದುರುಗೇಶ ಕೆಲಸಕ್ಕೆ ಇಳಿಯುತ್ತಾರೆ. ಮೊದಲು ಕಾರಿನ ಮೂತಿಯ ಕೆಳಗಿನ ಚಿಕ್ಕ ಬ್ಯಾಟರಿಗೆ ತಮ್ಮ ಬ್ಯಾಟರಿಯ ವೈರು ಹಚ್ಚುತ್ತಾರೆ. ದೊಡ್ಡ ಬ್ಯಾಟರಿ ತುಂಬಿದ್ದರೂ ಈ ಚಿಕ್ಕದು ಸತ್ತರೆ ಕಾರು ಕಣ್ಣೇ ತೆರೆಯುವುದಿಲ್ಲ. ಎಷ್ಟೋ ಸಲ ಇಷ್ಟರಲ್ಲೇ ಕಾರು ಎದ್ದು ನಡೆದುಬಿಡುತ್ತದೆ, ಆಗ ಎತ್ತುವ ಬಾಡಿಗೆಯೂ ಇವರ ಕೈ ತಪ್ಪುತ್ತದೆ. ಹಾಗಿದ್ದೂ ಮೊದಲು ಅದನ್ನೇ ನೋಡುತ್ತಾರೆ. ಇವತ್ತು ಕಾರು ಕಣ್ಣು ತೆರೆಯಿತು, ಕೆಂಪು ದೀಪ ತೋರಿಸಿತು, ಕಾಲು ಮಾತ್ರ ಎತ್ತಲಿಲ್ಲ. ಇನ್ನು ಹೇರಲೇಬೇಕು.

ಜಾಕ್ ಕೊಟ್ಟು ಒಂದೊಂದೇ ಚಕ್ರವನ್ನು ಎತ್ತಿ, ಸಣ್ಣ ಗಾಲಿಗಳಿರುವ ಕಬ್ಬಿಣದ ತಟ್ಟೆಯೊಂದನ್ನು ಅದರ ಕೆಳಗೆ ತಳ್ಳುತ್ತಾರೆ. ಕಾರಿಗೆ ಚಪ್ಪಲಿ ತೊಡಿಸುವುದು ಎನ್ನುತ್ತಾರೆ ಅದಕ್ಕೆ. ಇನ್ನು ಉರುಳುವುದು ಚಪ್ಪಲಿಯ ಗಾಲಿ, ಕಾರಿನದಲ್ಲ. ನಾಲ್ಕೂ ಆದ ಮೇಲೆ ಸೊಂಟದ ಚೀಲದಿಂದ ಎಲೆ ಅಡಿಕೆಯ ಸುಣ್ಣದ ಡಬ್ಬಿ ತೆಗೆಯುತ್ತಾರೆ. ಬೆರಳಿಗೆ ಸುಣ್ಣ ಹಚ್ಚಿಕೊಂಡು ಟೈರಿನ ಮೈಮೇಲಿಂದ ಕೆಳಗಿನ ತಟ್ಟೆಯವರೆಗೆ ಒಂದೇ ಎಳೆತಕ್ಕೆ ನೇರ ಬಿಳಿ ಗೆರೆ. ನಾಲ್ಕು ಚಕ್ರಕ್ಕೆ ನಾಲ್ಕು ಗೆರೆ. ಚಕ್ರ ಒಂದು ಬೆರಳಗಲ ತಿರುಗಿದರೂ ಗೆರೆ ಮುರಿಯುತ್ತದೆ.

ನೋಡುತ್ತಿದ್ದ ಮುದುಕಿಯೊಬ್ಬಳು ವಿಭೂತಿ ಎಂದುಕೊಂಡು ಕೈ ಮುಗಿಯುತ್ತಾಳೆ. ಬಸವಂತಮ್ಮನವರೂ ಹತ್ತಿರ ಬಂದು, "ಇದೇನು ತಮ್ಮಾ, ಕಾರಿಗೂ ಈಬತ್ತಿ ಹಚ್ಚಾಕತ್ತಿ?" ಎಂದು ಕೇಳುತ್ತಾರೆ.

"ಈಬತ್ತಿ ಅಲ್ಲ ಯವ್ವಾ, ಸುಣ್ಣ. ನಿಮ್ಮ ಕಾರಿಂದ ನನಗ ಎಳದಾಂವ ಅಂತ ಹೆಸರು ಬಂತು. ಆವತ್ತಿಂದ ಹಚ್ಚಾಕತ್ತೀನಿ. ನಾ ಎಳದಿಲ್ಲ ಅಂತ ಹೇಳಾಕ ನನ್ನ ಕಡೆ ಬ್ಯಾರೆ ಸಾಕ್ಷಿ ಇಲ್ಲ."

ದುರುಗೇಶರಿಗೆ ಹತ್ತಿದ ಕೆಟ್ಟ ಹೆಸರಿನ ಸುದ್ದಿ ಬಸವಂತಮ್ಮನವರಿಗೆ ಗೊತ್ತೇ ಇರಲಿಲ್ಲ. ಕಾರು ರಿಪೇರಿಯಾಗಿ ಬಂತು, ಕಂಪನಿಯವರೇ ಮಾಡಿಕೊಟ್ಟರು ಎಂದಷ್ಟೇ ಗಂಡ ಹೇಳಿದ್ದರು. ದುರುಗೇಶ ನಾಲ್ಕು ಮಾತಿನಲ್ಲಿ ಎಲ್ಲವನ್ನೂ ಹೇಳುತ್ತಾರೆ. ಕೇಳಿದ ಬಸವಂತಮ್ಮನವರು ಗಂಡನ ಕಡೆ ಒಂದು ನೋಟ ನೋಡಿ, ಕಾರು ಲಾರಿಯ ಮೇಲೇರಿದ ಕೂಡಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಲಾರಿಯ ಕ್ಯಾಬಿನ್ ಹತ್ತಿ ಕೂರುತ್ತಾರೆ. ಸಾವ್ಕಾರರು ಬಾಡಿಗೆ ಜೀಪಿನಲ್ಲಿ ಹಿಂದೆ ಬರುತ್ತಾರೆ.

ಗಬ್ಬೂರಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಶಂಭುಲಿಂಗಪ್ಪನವರು ದುರುಗೇಶರ ಪಕ್ಕಕ್ಕೆ ಬಂದು ದನಿ ತಗ್ಗಿಸುತ್ತಾರೆ. "ಹೋಗ್ಲಿ ಬಿಡಪಾ, ಹಳೇದೆಲ್ಲ ಯಾಕ? ಈ ಸಲ ಬಾಡಿಗಿ ಒಂದಕ್ಕೆರಡು ತಗೋ."

"ಬಾಡಿಗಿ ಎಷ್ಟದ ಅಷ್ಟ ಕೊಡ್ರಿ ಸಾವ್ಕಾರ್ರ," ಎನ್ನುತ್ತಾರೆ ದುರುಗೇಶ, ಚಹಾದ ಲೋಟ ಕೆಳಗಿಡುತ್ತ. "ನನ್ನ ಹೆಸರು ನಾ ಬಾಡಿಗಿಗೆ ಬಿಟ್ಟಿಲ್ಲ."

ರಾಯಚೂರಿನ ಸರ್ವಿಸ್ ಸೆಂಟರಿನಲ್ಲಿ ಕಾರು ಇಳಿಯುತ್ತದೆ. ಮುಂದಿನ ಕೌಂಟರಿನ ಹುಡುಗ ಗುರುಪ್ರಸನ್ನ ಸಭ್ಯ, ಬಗ್ಗಿ ನಾಲ್ಕೂ ಗೆರೆ ನೋಡುತ್ತಾನೆ. ಅಷ್ಟು ದೂರದ ಕೆಟ್ಟ ರಸ್ತೆಯಲ್ಲಿ ಬಂದರೂ ಒಂದೂ ಮುರಿದಿಲ್ಲ. ಫೋಟೊ ತೆಗೆದುಕೊಂಡು, ಚಕ್ರ ಉರುಳಿಲ್ಲ ಎಂದು ಬರೆದು ಸಹಿ ಹಾಕುತ್ತಾನೆ. ಆದರೆ ಬಸವಂತಮ್ಮನವರು ಮೇ ತಿಂಗಳ ವರದಿಯ ಮಾತೆತ್ತಿದ ಕೂಡಲೇ ಅವನ ಮುಖ ಸಪ್ಪಗಾಗುತ್ತದೆ.

"ಅದು ಕ್ಲೋಸ್ ಆಗೇದ ಅಮ್ಮಾರ. ಸಿಸ್ಟಮ್‌ದಾಗ ತಿದ್ದಾಕ ಬರೂದಿಲ್ರಿ. ಅದನ್ನ ಬರದವ್ರೂ ಕೆಲಸ ಬಿಟ್ಟು ಹೋಗ್ಯಾರ."

"ಬರಿಯಾಕ ಬಂತು, ಅಳಸಾಕ ಬರಂಗಿಲ್ಲೇನು?" ಬಸವಂತಮ್ಮನವರ ಧ್ವನಿಗೆ ಅಲ್ಲಿ ಕೂತವರೆಲ್ಲ ತಿರುಗಿ ನೋಡುತ್ತಾರೆ. "ಒಬ್ಬ ದುಡಿಯಾವನ ಅನ್ನಕ್ಕ ಮಣ್ಣು ಹಾಕಿ, ಈಗ ಮಿಷನ್ ಮ್ಯಾಲ ಹಾಕ್ತೀರಾ? ಕಾಗದ ಕೊಡಪಾ ಇಲ್ಲಿ."

ಇಲ್ಲೊಂದು ಸಂಗತಿ ಇದೆ. ತೆರಿಗೆಯ ಅನುಕೂಲಕ್ಕೆಂದು ಸಾವ್ಕಾರರು ಕಾರನ್ನು ಕೊಂಡದ್ದು ಹೆಂಡತಿಯ ಹೆಸರಿನಲ್ಲಿ. ಅಂದರೆ ಕಾಗದಪತ್ರದ ಪ್ರಕಾರ ಮಾಲೀಕರು ಬಸವಂತಮ್ಮ, ಸಹಿ ನಡೆಯುವುದು ಅವರದೇ. ಶಂಭುಲಿಂಗಪ್ಪನವರು ಬಂದು, ಹೀಗೆ ಬರೆದುಕೊಟ್ಟರೆ ಹಳೆಯ ರಿಪೇರಿಯ ಖರ್ಚನ್ನೆಲ್ಲ ನಮ್ಮಿಂದ ವಸೂಲಿ ಮಾಡುತ್ತಾರೆ ಎಂದು ಕಿವಿಯಲ್ಲಿ ಹೇಳುತ್ತಾರೆ. "ಮಾಡ್ಲಿ. ನಾವ ಸುಟ್ಟೀವಿ, ನಾವ ಕೊಡೂಣು," ಎಂದು ಬಸವಂತಮ್ಮನವರು ಪೆನ್ನು ಹಿಡಿಯುತ್ತಾರೆ. ನಮ್ಮ ಪೇಪರಿನಲ್ಲಿ ಹೆಸರು ಹಾಕಬಹುದೆ ಎಂದು ನಾವು ಕೇಳಿದರೆ, "ಹಾಕ್ರಿ, ದೊಡ್ಡದಾಗಿ ಹಾಕ್ರಿ," ಎನ್ನುತ್ತಾರೆ.

ಅವರು ಬರೆದದ್ದು ಮೂರು ಸಾಲು. "ಮೇ ತಿಂಗಳಲ್ಲಿ ನನ್ನ ಕಾರನ್ನು ಮೂರು ಮೈಲಿ ಎಳೆದದ್ದು ನಮ್ಮ ಮಿಲ್ಲಿನ ಟ್ರ್ಯಾಕ್ಟರ್. ಮೋಟಾರ್ ಸುಟ್ಟದ್ದು ಅದರಿಂದಲೇ. ದುರುಗೇಶ ಎಳೆದಿಲ್ಲ, ಎತ್ತಿಕೊಂಡು ಹೋಗಿದ್ದಾನೆ." ಕೆಳಗೆ ಸಹಿ. ಒಂದು ಪ್ರತಿ ಸರ್ವಿಸ್ ಸೆಂಟರಿಗೆ, ಒಂದು ನೆರವಿನ ಕಂಪನಿಗೆ, ಒಂದು ದುರುಗೇಶರಿಗೆ. ಈ ಬರಹ ಅಚ್ಚಿಗೆ ಹೋಗುವ ಹೊತ್ತಿಗೆ ಹನ್ನೆರಡು ದಿನಗಳಾಗಿವೆ. ಎರಡೂ ಕಡೆಯಿಂದ ಉತ್ತರವಿಲ್ಲ. ಮಾಡದ ತಪ್ಪನ್ನು ಒಂದು ವಾರದಲ್ಲಿ ಬರೆದವರಿಗೆ, ಅದನ್ನು ಹೊಡೆದು ಹಾಕಲು ಇನ್ನೆಷ್ಟು ವಾರ ಬೇಕೋ ತಿಳಿಯದು.

ಅಂದು ಲಾರಿಯ ಹತ್ತಿರ ನಿಂತು ದುರುಗೇಶ ಆ ಮೂರು ಸಾಲನ್ನು ತಾವೇ ಓದಿಕೊಂಡರು. ಏಳನೆಯ ತರಗತಿಯವರೆಗಿನ ಓದು, ತುಟಿ ಆಡಿಸುತ್ತ ನಿಧಾನವಾಗಿ ಓದುತ್ತಾರೆ. ಮಡಚಿ, ಕೆಂಪು ಗೆರೆಯ ಆ ಪುಟದ ಹಿಂದೆ ಸಿಕ್ಕಿಸಿಟ್ಟರು. ಮಗಳಿಗೆ ಇವತ್ತೇ ತೋರಿಸುತ್ತೀರಲ್ಲ ಎಂದು ಕೇಳಿದರೆ ಇಲ್ಲವೆಂದು ತಲೆ ಅಲ್ಲಾಡಿಸಿದರು.

"ಕನ್ನಡದಾಗಿಂದು ನನಗ ಓದಾಕ ಬರ್ತದ್ರಿ, ನಾ ಓದಿದ್ನಿ. ಆಕಿ ಓದಿದ್ದು ಇಂಗ್ಲಿಷಿನದು. ತಿದ್ದಿದ್ದೂ ಇಂಗ್ಲಿಷಿನ್ಯಾಗ ಬರಬೇಕು. ಆವತ್ತು ಯಾವ ಸಾಲಿಗೆ ಆಕಿ ನಿಂತಿದ್ಳೋ, ಆ ಸಾಲು ಈ ಸಲ ನಿಲ್ಲಲಾರದ ಓದಬೇಕ್ರಿ ನನ್ನ ಮಗಳು."